ನಾಲ್ಕು-ಐದನೇ ತರಗತಿಯಲ್ಲಿ ಪ್ರತಿ ಮಗುವಿಗೂ ಅದರದೇ ಕೆಲಸ ಕೊಡುವುದು ಹೇಗೆ

ನಲಿ-ಕಲಿ, ಅಂದರೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ಮಕ್ಕಳು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಕ್ರಮ, ಮೂರನೇ ತರಗತಿಗೆ ಮುಗಿಯುತ್ತದೆ. ಅಲ್ಲಿಯವರೆಗೆ ಮಗುವಿಗೆ ತನ್ನದೇ ಕಲಿಕಾ ಏಣಿ (ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕೆಯ ಹಂತಗಳು), ತನ್ನದೇ ಮೈಲಿಗಲ್ಲು. ತನ್ನ ಕಾರ್ಡನ್ನು ತಾನೇ ಹುಡುಕಿ ತಂದು ತಟ್ಟೆಯಲ್ಲಿ, ಅಂದರೆ ತನ್ನ ಗುಂಪಿನ ಜಾಗದಲ್ಲಿ, ಕೂರುತ್ತದೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಏಣಿ ಇಲ್ಲ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ದಿನ, ಒಂದೇ ಪುಟ. ಹಿಂದಿನ ವರ್ಷ ಗೆಳತಿಯರಿಗೆ ಹೇಳಿಕೊಡುತ್ತಿದ್ದ ಹುಡುಗಿ ಈಗ ಕೈಕಟ್ಟಿ ಕೂತಿರುತ್ತಾಳೆ. ಒತ್ತಕ್ಷರದಲ್ಲಿ ಇನ್ನೂ ತಡವರಿಸುತ್ತಿದ್ದವನು ಮೆಲ್ಲಗೆ ಹಿಂದಿನ ಸಾಲಿಗೆ ಸರಿದು ಪಕ್ಕದವನ ಪಟ್ಟಿ (ನೋಟ್ ಬುಕ್) ನೋಡಿ ಬರೆಯತೊಡಗುತ್ತಾನೆ.

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಕಲಿಸುತ್ತೇನೆ. ಹೊಸದಾಗಿ ಸೇವೆಗೆ ಸೇರಿದವರು, ಅತಿಥಿ ಶಿಕ್ಷಕರಾಗಿ ಬಂದವರು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: "ಕೆಲವು ಮಕ್ಕಳಿಗೆ ಆಸಕ್ತೀನೇ ಇಲ್ಲ ಅಕ್ಕೋರೇ, ಏನು ಮಾಡೋದು?" ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆಸಕ್ತಿ ಇಲ್ಲದ ಮಗು ಅಂತ ನಾವು ಕರೆಯುವ ಮಗುವಿನ ಕೈಯಲ್ಲಿ ಬಹುತೇಕ ಬೇರೆ ಯಾವುದೋ ಮಗುವಿನ ಕೆಲಸ ಇರುತ್ತದೆ. ಅದರದೇ ಕೆಲಸ ಕೊಟ್ಟು ನೋಡಿ, ಆಮೇಲೆ ಆಸಕ್ತಿಯ ಮಾತಾಡೋಣ.

ಇದಕ್ಕೆ ಟ್ಯಾಬ್ಲೆಟ್ ಬೇಕು, ಸ್ಮಾರ್ಟ್ ಕ್ಲಾಸ್ ಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಕಾರ್ಡುಗಳನ್ನು ಮಾಡಿಕೊಂಡು ನಲಿ-ಕಲಿ ಶುರು ಮಾಡಿದಾಗ ಅವರ ಕೈಯಲ್ಲಿ ಇದ್ದದ್ದು ರಟ್ಟು, ಬಣ್ಣ, ಕತ್ತರಿ. ಪ್ರತಿ ಮಗು ತನ್ನ ವೇಗದಲ್ಲಿ ಕಲಿಯಬೇಕೆಂಬ ವಿಚಾರ ನಮ್ಮ ಸರ್ಕಾರಿ ಶಾಲೆಗೆ ಹೊರಗಿನಿಂದ ಈಗ ಬರಬೇಕಾದದ್ದಲ್ಲ. ನಾಲ್ಕನೇ ತರಗತಿಯ ಬಾಗಿಲಲ್ಲಿ ಅದನ್ನು ಬಿಟ್ಟುಬಿಡದಿದ್ದರೆ ಸಾಕು.

ಮೊದಲು ಮಗು ಎಲ್ಲಿದೆ ನೋಡಿ

ಸೇತುಬಂಧದ ದಿನಗಳನ್ನು, ಅಂದರೆ ವರ್ಷದ ಶುರುವಿನಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ಮತ್ತೆ ನೋಡುವ ದಿನಗಳನ್ನು, ಇದಕ್ಕೇ ಇಟ್ಟುಕೊಳ್ಳಿ. ಪೂರ್ವ ಪರೀಕ್ಷೆ ಹೇಗೂ ಮಾಡುತ್ತೀರಿ, ಅಂಕ ದಾಖಲಾಗುತ್ತದೆ. ಆದರೆ 20ಕ್ಕೆ 7 ಅನ್ನುವುದು ನಾಳೆ ಬೆಳಿಗ್ಗೆ ಆ ಮಗುವಿಗೆ ಏನು ಕಲಿಸಬೇಕೆಂದು ಹೇಳುವುದಿಲ್ಲ. ಅದಕ್ಕೆ ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಲೇಬೇಕು. ಉಳಿದವರಿಗೆ ಚಿತ್ರ ಬಿಡಿಸಲು ಕೊಟ್ಟು, ನೀವು ವರಾಂಡದ ಕಟ್ಟೆಯ ಮೇಲೆ ಕೂತರೆ ಒಂದು ಮಗುವಿಗೆ ಐದಾರು ನಿಮಿಷ ಸಾಕು.

ಒಂದು ಹಾಳೆಯಲ್ಲಿ ನಾಲ್ಕು ಭಾಗ ಮಾಡಿಕೊಳ್ಳಿ: ಬಿಡಿ ಅಕ್ಷರ, ಸಣ್ಣ ಪದ, ನಾಲ್ಕು ಸಾಲಿನ ಸರಳ ಭಾಗ, ಎಂಟು-ಹತ್ತು ಸಾಲಿನ ಕಥೆ. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯವರು 2005ರಿಂದ ಹಳ್ಳಿಹಳ್ಳಿಗೆ ಒಯ್ಯುತ್ತಿರುವ ಹಾಳೆಯೂ ಇದೇ ಬಗೆಯದು. ಮಗುವಿಗೆ ಕಥೆಯನ್ನೇ ಮೊದಲು ಕೊಡಿ. ಕಷ್ಟವಾದರೆ ಒಂದು ಮೆಟ್ಟಿಲು ಕೆಳಗೆ ಬನ್ನಿ. ಅಕ್ಷರದಿಂದ ಶುರು ಮಾಡಿದರೆ ಓದಬಲ್ಲ ಮಗು 'ಇಷ್ಟೇನಾ' ಅಂದುಕೊಳ್ಳುತ್ತದೆ, ಓದಲಾರದ ಮಗು ಪರೀಕ್ಷೆ ಅಂತ ಹೆದರುತ್ತದೆ.

ಎಷ್ಟು ತಪ್ಪಾಯಿತು ಅಂತ ಎಣಿಸಬೇಡಿ, ಯಾವ ತಪ್ಪು ಅಂತ ನೋಡಿ. ಕನ್ನಡ ಓದುವ ಮಕ್ಕಳು ನಿಲ್ಲುವ ಜಾಗಗಳು ಬೇಕಾಬಿಟ್ಟಿ ಇರುವುದಿಲ್ಲ. 'ಹಗ್ಗ', 'ಬಟ್ಟೆ' ಸಲೀಸಾಗಿ ಓದುವ ಮಗು 'ಪುಸ್ತಕ', 'ಅನ್ನ', 'ಹಳ್ಳಿಯಲ್ಲಿ' ಬಂದಾಗ ನಿಲ್ಲುತ್ತದೆ. ಯಾಕೆಂದರೆ ತ, ನ, ಮ, ಯ, ರ, ಲ ಈ ಅಕ್ಷರಗಳ ಒತ್ತು ಮೂಲ ಅಕ್ಷರದ ಹಾಗೆ ಕಾಣುವುದಿಲ್ಲ, ಅವನ್ನು ಬೇರೆಯಾಗಿಯೇ ಗುರುತು ಹಿಡಿಯಬೇಕು. 'ಸೂರ್ಯ'ವನ್ನು 'ಸೂಯ' ಅಂತ ಓದುವ ಮಗುವಿಗೆ ಅರ್ಕಾವತ್ತು ಸಿಕ್ಕಿಲ್ಲ: ಬರೆಯುವುದು ಅಕ್ಷರದ ನಂತರ, ಓದುವುದು ಅದಕ್ಕಿಂತ ಮೊದಲು. ಇದನ್ನು ಒಮ್ಮೆ ಬೆರಳಿಟ್ಟು ತೋರಿಸಿದರೆ 'ವರ್ಷ', 'ಕಾರ್ಯ', 'ಮಾರ್ಗ' ಎಲ್ಲವೂ ಒಟ್ಟಿಗೆ ದಾರಿಗೆ ಬರುತ್ತವೆ. ಇಂಥ ಮಗುವಿಗೆ 'ಓದು ಬರುವುದಿಲ್ಲ' ಅಂತ ಬರೆದಿಟ್ಟರೆ ಅಕ್ಷರಮಾಲೆಯಿಂದ ತಿದ್ದಿಸಲು ಶುರು ಮಾಡುತ್ತೇವೆ. ಮಗುವಿಗೂ ಬೇಸರ, ನಮಗೂ ಬೇಸರ.

ಗಣಿತದಲ್ಲೂ ಅಷ್ಟೇ. 52ರಲ್ಲಿ 38 ಕಳೆ ಅಂದರೆ ಬಹಳ ಮಕ್ಕಳು 26 ಅಂತ ಬರೆಯುತ್ತಾರೆ. ತಪ್ಪು ಗುರುತು ಹಾಕುವ ಮೊದಲು "ಹೆಂಗ ಮಾಡಿದಿ ಹೇಳವಾ" ಅಂತ ಕೇಳಿ. "ಎಂಟರಾಗ ಎರಡು ಹೋದ್ರ ಆರು, ಐದರಾಗ ಮೂರು ಹೋದ್ರ ಎರಡು" ಅನ್ನುತ್ತಾಳೆ. ಅವಳಿಗೆ ಕಳೆಯುವುದು ಬರುತ್ತದೆ. ಮೇಲಿನದು ಯಾವುದು, ಕೆಳಗಿನದು ಯಾವುದು ಅಂತ ನೋಡದೆ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುತ್ತಿದ್ದಾಳೆ, ಅಷ್ಟೇ. ಇದೇ ಬಗೆಯ ಹತ್ತು ಲೆಕ್ಕ ಮನೆಗೆ ಕೊಟ್ಟರೆ ಹತ್ತನ್ನೂ ಇದೇ ರೀತಿ ಮಾಡಿ ತರುತ್ತಾಳೆ, ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ.

ಹತ್ತು ಹತ್ತು ಕಡ್ಡಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿದ ಐದು ಕಟ್ಟು, ಎರಡು ಬಿಡಿ ಕಡ್ಡಿ ಅವಳ ಮುಂದೆ ಇಡಿ. "ನನಗ 38 ಕಡ್ಡಿ ಕೊಡು" ಅನ್ನಿ. ಮೂರು ಕಟ್ಟು ಕೊಡುತ್ತಾಳೆ, ಇದ್ದ ಎರಡು ಬಿಡಿಯನ್ನೂ ಕೊಡುತ್ತಾಳೆ, ಅಲ್ಲಿ ನಿಲ್ಲುತ್ತಾಳೆ. ಈಗ ನೀವು ಬಾಯಿ ಬಿಡಬಾರದು. ಶಿಕ್ಷಕರಿಗೆ ಅದೇ ಕಷ್ಟದ ಕೆಲಸ, ನನಗೂ ನಾಲಿಗೆ ತುದಿಗೆ ಬಂದಿರುತ್ತದೆ. ಸ್ವಲ್ಪ ಹೊತ್ತಿಗೆ ಅವಳ ಕೈ ತಾನಾಗಿ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಕಡೆ ಹೋಗುತ್ತದೆ. "ಬಿಚ್ಚಲೇನ್ರಿ?" ಅನ್ನುತ್ತಾಳೆ. ಬಿಚ್ಚಿ ಆರು ಕಡ್ಡಿ ಕೊಟ್ಟ ಮೇಲೆ ಅವಳ ಮುಂದೆ ಒಂದು ಕಟ್ಟು, ನಾಲ್ಕು ಬಿಡಿ ಉಳಿದಿರುತ್ತವೆ. ಆಮೇಲೆ ಪಟ್ಟಿಯಲ್ಲಿ ತಾನು ಬರೆದ 26 ನೋಡುತ್ತಾಳೆ. ಅದನ್ನು ಅಳಿಸಲು ಹೇಳಬೇಡಿ, ಅದರ ಪಕ್ಕದಲ್ಲೇ 14 ಬರೆಯಲಿ.

ಒಂದು ಪಟ್ಟಿ, ಮಗುವಿಗೊಂದು ಪುಟ

ದಾಖಲೆಗಳು ಶಾಲೆಯಲ್ಲಿ ಬೇಕಾದಷ್ಟಿವೆ. ಇದು ಯಾರಿಗೂ ತೋರಿಸಬೇಕಾಗಿಲ್ಲದ, ನಿಮಗಾಗಿಯೇ ಇರುವ ಪಟ್ಟಿ. ಪುಟದ ಮೇಲ್ಭಾಗದಲ್ಲಿ ಮಗುವಿಗೆ ಏನು ಬರುತ್ತದೆ ಅಂತ ಬರೆಯಿರಿ, ಕೆಳಗೆ ಮುಂದಿನ ಒಂದೇ ಒಂದು ಹೆಜ್ಜೆ. 'ಕನ್ನಡದಲ್ಲಿ ಹಿಂದಿದ್ದಾನೆ' ಅಂತಲ್ಲ, 'ಮ-ಒತ್ತು, ಯ-ಒತ್ತು ಗುರುತಿಸಬೇಕು' ಅಂತ. ಮನೆಯ ಸಂಗತಿಯೂ ಒಂದೆರಡು ಸಾಲು ಇರಲಿ: ತಾಂಡಾದಿಂದ ಬರುತ್ತಾಳೆ, ಮನೆಯಲ್ಲಿ ಲಂಬಾಣಿ ಮಾತು, ಅಜ್ಜಿಯ ಹತ್ತಿರ ಇದ್ದಾನೆ, ಟ್ರ್ಯಾಕ್ಟರ್ ಅಂದರೆ ಪ್ರಾಣ. ಈ ಕೊನೆಯ ಸಾಲಿಗೆ ಮುಂದೆ ಬಹಳ ಬೆಲೆ ಬರುತ್ತದೆ.

ದಿನಕ್ಕೆ ನಾಲ್ಕೈದು ಪುಟ ತಿರುವಿದರೆ ವಾರಕ್ಕೆ ಎಲ್ಲರದ್ದೂ ಒಮ್ಮೆ ಆಗುತ್ತದೆ. ಎಲ್ಲವನ್ನೂ ದಿನವೂ ಬರೆಯಲು ಹೋದರೆ ಜುಲೈ ಹೊತ್ತಿಗೆ ಪಟ್ಟಿ ಕಪಾಟು ಸೇರುತ್ತದೆ.

ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಅಂತ ಅಪ್ಪ-ಅವ್ವನ ಜೊತೆ ಹೋಗಿ ತಿಂಗಳುಗಟ್ಟಲೆ ಬಾರದ ಮಕ್ಕಳಿಗೆ ಈ ಪುಟ ಇನ್ನೂ ಮುಖ್ಯ. ತಿರುಗಿ ಬಂದ ದಿನ 'ಎಲ್ಲಿ ಹೋಗಿದ್ದೆ' ಅನ್ನುವ ಮೊದಲು ಅದರ ಪುಟ ತೆಗೆಯಿರಿ. ಬಿಟ್ಟ ಹೆಜ್ಜೆ ಅಲ್ಲೇ ಇರುತ್ತದೆ, ಆ ಹೊತ್ತಿಗೇ ಕೆಲಸ ಶುರು ಮಾಡಬಹುದು. ತರಗತಿ ಎಷ್ಟು ಮುಂದೆ ಹೋಗಿದೆ ಅಂತ ಆ ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಗೊತ್ತಿದ್ದೇ ಎಷ್ಟೋ ಮಕ್ಕಳು ಮತ್ತೆ ಶಾಲೆ ಕಡೆ ಬರುವುದಿಲ್ಲ.

ಗುಂಪು

ಜಾಣರು, ಮಧ್ಯಮ, ನಿಧಾನ ಅಂತ ಮೂರು ಗುಂಪು ಮಾಡಿ ವರ್ಷವಿಡೀ ಅಲ್ಲೇ ಕೂರಿಸಿದರೆ ಅದಕ್ಕಿಂತ ಗುಂಪು ಇಲ್ಲದಿರುವುದೇ ಮೇಲು. ಮೂರೇ ದಿನದಲ್ಲಿ ಮಕ್ಕಳಿಗೆ ತಾವು ಯಾರು ಅಂತ ಗೊತ್ತಾಗಿಬಿಡುತ್ತದೆ. ಗುಂಪು ಕೆಲಸಕ್ಕೆ ಇರಲಿ: ಈ ಎರಡು ವಾರ ಕಡ್ಡಿ ಕಟ್ಟಿನ ಗುಂಪು, ಕಥೆ ಓದುವ ಗುಂಪು, ಒತ್ತಕ್ಷರದ ಗುಂಪು. ಕೆಲಸ ಮುಗಿದ ಕೂಡಲೇ ಗುಂಪು ಕರಗಬೇಕು. ಗಣಿತಕ್ಕೆ ಒಂದು, ಕನ್ನಡಕ್ಕೆ ಇನ್ನೊಂದು. ನಮ್ಮಲ್ಲಿ ಭಾಗಾಕಾರ ಬಾಯಲ್ಲೇ ಮಾಡುವ ಹುಡುಗನೊಬ್ಬ ಕನ್ನಡದಲ್ಲಿ ಒತ್ತಕ್ಷರದ ಗುಂಪಿನಲ್ಲಿ ಕೂರುತ್ತಾನೆ. ಅವನನ್ನು ಯಾರೂ ದಡ್ಡ ಅನ್ನಲಾರರು, ಬೆಳಿಗ್ಗೆಯಷ್ಟೇ ಅವರಿಗೆಲ್ಲ ಲೆಕ್ಕ ಹೇಳಿಕೊಟ್ಟಿರುತ್ತಾನೆ.

ನಾಲ್ಕನೇ ತರಗತಿ, ಐದನೇ ತರಗತಿ ಅನ್ನುವ ಗೆರೆಯನ್ನೂ ಈ ಹೊತ್ತಿನಲ್ಲಿ ಮರೆತುಬಿಡಿ. ತರಗತಿಯ ಬದಲು ಮಟ್ಟ ನೋಡಿ ಗುಂಪು ಮಾಡುವ ಪ್ರಥಮ್ ಅನ್ನುವ ಶಿಕ್ಷಣ ಸಂಸ್ಥೆಯ ಕ್ರಮವನ್ನು 2019ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರು ವರ್ಷಗಟ್ಟಲೆ ಅಳೆದು ನೋಡಿದ್ದಾರೆ, ಮಕ್ಕಳ ಓದು ನಿಜಕ್ಕೂ ಮೇಲೇರಿದ್ದನ್ನು ಕಂಡಿದ್ದಾರೆ. ಎರಡು ತರಗತಿ ಒಂದೇ ಕೋಣೆಯಲ್ಲಿರುವುದನ್ನು ನಾವು ಕೊರತೆ ಅಂತಲೇ ನೋಡುತ್ತೇವೆ. ಈ ಕೆಲಸಕ್ಕೆ ಅದು ಅನುಕೂಲ.

ನಲವತ್ತು ನಿಮಿಷ ಹೇಗೆ ಹಂಚುವುದು

ಮೊದಲ ಹತ್ತು ನಿಮಿಷ ಎಲ್ಲರೂ ಒಟ್ಟಿಗೆ: ಒಂದು ಹಾಡು, ಒಂದು ಕಥೆ, ಬಾಯಿಲೆಕ್ಕ ಅಥವಾ ಪಾಠದ ವಿಷಯದ ಮಾತುಕತೆ. ಆಮೇಲೆ ಇಪ್ಪತ್ತು ನಿಮಿಷ ಗುಂಪಿನ ಕೆಲಸ. ಕೊನೆಯ ಹತ್ತು ನಿಮಿಷ ಮತ್ತೆ ಎಲ್ಲರೂ ಒಟ್ಟಿಗೆ, ಯಾವುದೋ ಒಂದು ಗುಂಪು ತಾನು ಮಾಡಿದ್ದನ್ನು ಉಳಿದವರಿಗೆ ತೋರಿಸಬೇಕು.

ಆ ಇಪ್ಪತ್ತು ನಿಮಿಷ ನೀವು ಒಂದೇ ಗುಂಪಿನ ಜೊತೆ ನೆಲದ ಮೇಲೆ ಕೂರಿ. ಮೂರೂ ಗುಂಪಿಗೆ ಓಡಾಡಿದರೆ ಯಾರಿಗೂ ಸಿಗುವುದಿಲ್ಲ. ಉಳಿದ ಎರಡು ಗುಂಪು ಗದ್ದಲ ಮಾಡದೆ ಕೆಲಸ ಮಾಡಬೇಕಾದರೆ ಅವರಿಗೆ ಕೊಟ್ಟದ್ದು ಪೂರ್ತಿ ಹೊಸದಾಗಿರಬಾರದು, ಮುಕ್ಕಾಲು ಭಾಗ ಗೊತ್ತಿರುವಂಥದ್ದಾಗಿರಬೇಕು. ಸಿಕ್ಕಿಬಿದ್ದರೆ ಏನು ಮಾಡಬೇಕೆಂಬುದನ್ನು ಜೂನ್‌ನಲ್ಲೇ ರೂಢಿ ಮಾಡಿಸಿ: ಮೊದಲು ಪಕ್ಕದವರನ್ನು ಕೇಳು, ಆಮೇಲೆ ಗೋಡೆಗೆ ಹಾಕಿದ ಪಟ ನೋಡು, ಆಗಲೂ ಆಗದಿದ್ದರೆ ಅದನ್ನು ಬಿಟ್ಟು ಮುಂದಿನ ಕಾರ್ಡ್ ತೆಗೆ. ನಲಿ-ಕಲಿಯ ಐದು ತಟ್ಟೆಗಳಲ್ಲಿ ಶಿಕ್ಷಕರ ಪೂರ್ಣ ಸಹಾಯದಿಂದ ಸ್ವಕಲಿಕೆಯವರೆಗೆ ಮಕ್ಕಳು ಇದನ್ನೇ ಮಾಡಿ ಬಂದಿರುತ್ತಾರೆ, ನೆನಪು ಮಾಡಿಕೊಟ್ಟರೆ ಸಾಕು.

ಕಾರ್ಡುಗಳಿಗೆ ದುಡ್ಡು ಸುರಿಯಬೇಡಿ. ಒಂದು ಬದಿ ಖಾಲಿ ಇರುವ ಲಗ್ನಪತ್ರಿಕೆ, ಹಳೆಯ ಕ್ಯಾಲೆಂಡರಿನ ಹಿಂಬದಿ ಊರಿನಲ್ಲಿ ಯಾರನ್ನು ಕೇಳಿದರೂ ಕೊಡುತ್ತಾರೆ.

ಮಗುವಿನ ಮಾತನ್ನೇ ಪಾಠ ಮಾಡುವುದು

ಇಷ್ಟರಲ್ಲಿ ಒಂದನ್ನೇ ಮಾಡಲು ನಿಮಗೆ ಪುರುಸೊತ್ತು ಇದ್ದರೆ ಇದನ್ನು ಮಾಡಿ.

ಓದಲು ಕೊಟ್ಟರೆ ಹೊಟ್ಟೆನೋವು ಅನ್ನುತ್ತಿದ್ದ ಒಬ್ಬ ಹುಡುಗ. ಅವನ ಪುಟದಲ್ಲಿ 'ಆಡು ಸಾಕಿದ್ದಾರೆ' ಅಂತ ಬರೆದುಕೊಂಡಿದ್ದೆ. ಒಂದು ಬೆಳಿಗ್ಗೆ ಆಡಿನ ಸುದ್ದಿ ಕೇಳಿದೆ, ಅವನು ಹೇಳುತ್ತಾ ಹೋದ, ಹೇಳಿದ ಹಾಗೇ ದೊಡ್ಡ ಅಕ್ಷರದಲ್ಲಿ ಕ್ಯಾಲೆಂಡರಿನ ಹಿಂಬದಿಗೆ ಬರೆದೆ:

"ನಮ್ಮ ಆಡು ನಿನ್ನಿ ರಾತ್ರಿ ಎರಡು ಮರಿ ಹಾಕೇತಿ. ಒಂದು ಕರೇದು, ಒಂದು ಬಿಳೇದು. ಬಿಳೇದು ಹಾಲು ಕುಡಿಯವಲ್ದು. ನಮ್ಮವ್ವ ಅರಿವಿ ಅದ್ದಿ ಕುಡಿಸಿದ್ಲು."

ಬರೆದು ಅವನ ಮುಂದಿಟ್ಟೆ. ತನ್ನದೇ ಮಾತಾದ್ದರಿಂದ ಅದರಲ್ಲಿ ಏನಿದೆ ಅಂತ ಅವನಿಗೆ ಗೊತ್ತು. ಬೆರಳಿಟ್ಟು ನಿಧಾನಕ್ಕೆ ಓದಿದ. 'ನಮ್ಮ' ಹತ್ತಿರ ಎಂದಿನಂತೆ ತಡೆದ, ಆದರೆ ಅಲ್ಲಿ ಇರಬೇಕಾದದ್ದು 'ನಮ್ಮ' ಅಂತ ಬಾಯಿಗೆ ಗೊತ್ತಿತ್ತು. ಓದಿ ಮುಗಿಸಿ, ಕೆಳಗಿನ ಸಾಲಿನ 'ನಮ್ಮವ್ವ'ದ ಮೇಲೆ ಬೆರಳಿಟ್ಟು "ಇದೂ ಅದ ಐತ್ರಿ" ಅಂದ. ಪಠ್ಯಪುಸ್ತಕ ತೆಗೆದು ಇನ್ನೆಲ್ಲಿ ಐತಿ ನೋಡು ಅಂದೆ. 'ಅಮ್ಮ', 'ತಮ್ಮ' ಹುಡುಕಿ ತೋರಿಸಿದ. ಮರುದಿನ ಮರಿಯ ಮುಂದಿನ ಸುದ್ದಿಯನ್ನು ತಾನೇ ತಂದ.

ಹೀಗೆ ಆಡುಮಾತಿನಲ್ಲಿ ಬರೆದುಕೊಟ್ಟರೆ ಮಕ್ಕಳು ಪುಸ್ತಕದ ಕನ್ನಡ ಯಾವಾಗ ಕಲಿಯುವುದು ಅಂತ ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಓದು ಅಂದರೆ ಕಾಗದದ ಮೇಲಿನ ಗುರುತುಗಳಲ್ಲಿ ಮಾತು ಇದೆ ಅಂತ ಕಂಡುಕೊಳ್ಳುವುದು. ಅದು ಮೊದಲು ಆಗಬೇಕು, ಅದು ತನ್ನ ಮಾತಿನಲ್ಲಿ ಬೇಗ ಆಗುತ್ತದೆ. ಒಂದೆರಡು ವಾರದ ನಂತರ ಅದೇ ಹಾಳೆಯ ಪಕ್ಕ 'ಕುಡಿಯವಲ್ದು' ಅನ್ನುವುದಕ್ಕೆ 'ಕುಡಿಯುತ್ತಿಲ್ಲ' ಅಂತ ಬರೆದು ಎರಡನ್ನೂ ಓದಿಸಿ. ಮನೆಯಲ್ಲಿ ಹಾಗೆ, ಪುಸ್ತಕದಲ್ಲಿ ಹೀಗೆ ಅಂತ ಮಕ್ಕಳು ಸಲೀಸಾಗಿ ತೂಗಿಸುತ್ತಾರೆ. ತಾಂಡಾದ ಮಕ್ಕಳ ವಿಷಯದಲ್ಲಿ ಒಂದು ಹೆಜ್ಜೆ ಹೆಚ್ಚು ಬೇಕು: ಅವರು ಲಂಬಾಣಿಯಲ್ಲಿ ಹೇಳಲಿ, ಕನ್ನಡ ಬಲ್ಲ ಗೆಳತಿ ಕನ್ನಡಕ್ಕೆ ತರಲಿ, ಎರಡನ್ನೂ ಕನ್ನಡ ಲಿಪಿಯಲ್ಲಿ ಬರೆಯಿರಿ.

ಇಂಥ ಹಾಳೆಗಳನ್ನು ಪುಸ್ತಕದಂತೆ ಹೊಲಿದಿಡಿ. ಒಂದನೇ ತರಗತಿಯವರಿಗೆ ಓದಿ ಹೇಳಲು ಶನಿವಾರ ಇವರನ್ನು ಕಳಿಸಿ. ಯಾರಿಗೋ ಬೇಕಾದ ಓದು ಅಂತ ಗೊತ್ತಾದರೆ ಮಕ್ಕಳು ಹಿಂದಿನ ದಿನವೇ ತಾವಾಗಿ ತಯಾರಿ ಮಾಡಿಕೊಳ್ಳುತ್ತಾರೆ.

ಸಂತೆಯ ಲೆಕ್ಕ ಪಟ್ಟಿಗೆ ಬರಲಿ

ಮಕ್ಕಳ ಸಂತೆ, ಮೆಟ್ರಿಕ್ ಮೇಳ ಎಲ್ಲ ಶಾಲೆಯಲ್ಲೂ ಮಾಡುತ್ತೇವೆ, ಮಕ್ಕಳು ಹುರುಪಿನಿಂದ ವ್ಯಾಪಾರ ಮಾಡುತ್ತಾರೆ, ಫೋಟೊ ತೆಗೆಯುತ್ತೇವೆ, ಅಲ್ಲಿಗೆ ಮುಗಿಯುತ್ತದೆ. ಬ್ಯಾನರ್ಜಿ, ಡುಫ್ಲೊ ಮತ್ತು ಜೊತೆಗಾರರ ಇನ್ನೊಂದು ಅಧ್ಯಯನ 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿದೆ. ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳು ಗಿರಾಕಿಗೆ ಚಿಲ್ಲರೆಯ ಲೆಕ್ಕ ಪಟ್ಟಂತ ಹೇಳುತ್ತಾರೆ, ಅದೇ ಬಗೆಯ ಲೆಕ್ಕ ಕಾಗದದ ಮೇಲೆ ಬಂದರೆ ಸೋಲುತ್ತಾರೆ. ಶಾಲೆಯಲ್ಲಿ ಮಾತ್ರ ಕಲಿತ ಮಕ್ಕಳು ಕಾಗದದಲ್ಲಿ ಮಾಡಿದ್ದನ್ನು ಅಂಗಡಿಯಲ್ಲಿ ಮಾಡಲಾರರು. ಒಂದರಿಂದ ಇನ್ನೊಂದಕ್ಕೆ ಸೇತುವೆ ತಾನಾಗಿ ಆಗುವುದಿಲ್ಲ ಅನ್ನುವುದು ನಮ್ಮ ತರಗತಿಯಲ್ಲೂ ಕಾಣುವ ಸತ್ಯ.

ಹಾಗಾಗಿ ಸಂತೆಯ ಮರುದಿನವನ್ನು ಇದಕ್ಕೇ ಕೊಡಿ. "ಕಾಲು ಕಿಲೋ ಮೆಣಸಿನಕಾಯಿಗೆ ಎಷ್ಟು ತಗೊಂಡಿ, ಹೆಂಗ ಲೆಕ್ಕ ಹಾಕಿದಿ?" ಅಂತ ಕೇಳಿ, ಅವನು ಬಾಯಲ್ಲಿ ಹೇಳಿದ ಹಾದಿಯನ್ನೇ ಹಲಗೆಯ ಮೇಲೆ ಬರೆಯಿರಿ. 'ಅರ್ಧ ಮಾಡಿ ಮತ್ತೆ ಅರ್ಧ ಮಾಡಿದೆ' ಅಂದರೆ ಹಾಗೇ. ಅದರ ಕೆಳಗೆ ಪುಸ್ತಕದ ಕ್ರಮ ಬರೆದು, ಎರಡರ ಉತ್ತರ ಒಂದೇ ಆಗುವುದನ್ನು ಅವನೇ ತಾಳೆ ನೋಡಲಿ.

ಹಾಗಾದರೆ ಪಾಠ ಮುಗಿಸುವುದು?

ಶಿಕ್ಷಣ ಹಕ್ಕು ಕಾಯ್ದೆ, 2009ರ 24ನೇ ಕಲಂ ತೆಗೆದು ನೋಡಿ. ನಿಗದಿತ ಅವಧಿಯಲ್ಲಿ ಪಠ್ಯಕ್ರಮ ಮುಗಿಸಬೇಕು ಅಂತ ಒಂದು ಸಾಲು ಇದೆ. ಅದರ ಕೆಳಗೇ, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ನೋಡಿ ಅಗತ್ಯ ಇದ್ದಷ್ಟು ಹೆಚ್ಚುವರಿ ಬೋಧನೆ ಕೊಡಬೇಕು ಅಂತಲೂ ಇದೆ. ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ಮೊದಲ ಸಾಲನ್ನು ಕೇಳುತ್ತಾರೆ, ನೀವು ಎರಡನೆಯದನ್ನೂ ಗೌರವದಿಂದ ನೆನಪಿಸಿ. ನಿಮ್ಮ ಪಟ್ಟಿಯ ಎರಡು ಪುಟ ತೋರಿಸಿದರೆ ಬಹಳ ಜನ ಒಪ್ಪುತ್ತಾರೆ.

ಪಾಠ ಬಿಡಬೇಕಾಗಿಲ್ಲ. ಪಾಠ ಒಂದೇ ಇರಲಿ, ಕೆಲಸ ಬೇರೆ ಇರಲಿ. ಪರಿಸರ ಅಧ್ಯಯನದಲ್ಲಿ ನೀರಿನ ಪಾಠ ಬಂತು ಅಂದುಕೊಳ್ಳಿ. ಮಾತುಕತೆಯಲ್ಲಿ ಎಲ್ಲರೂ ಇರುತ್ತಾರೆ: ಊರಿನ ಕೆರೆ, ಬೋರ್‌ವೆಲ್, ನಲ್ಲಿಗೆ ಯಾವಾಗ ನೀರು ಬರುತ್ತದೆ. ಆಮೇಲೆ ಒಂದು ಗುಂಪು ಮನೆಯಲ್ಲಿ ದಿನಕ್ಕೆ ಎಷ್ಟು ಕೊಡ ನೀರು ಬೇಕು ಅಂತ ಕೇಳಿ ಬಂದು ಪಟ್ಟಿ ಮಾಡುತ್ತದೆ. ಇನ್ನೊಂದು ಗುಂಪು ಪಾಠದ ಒಂದು ಭಾಗ ಓದಿ ಎರಡು ಪ್ರಶ್ನೆ ತಯಾರಿಸುತ್ತದೆ. ಮೂರನೆಯದು ಕೆರೆಯ ಚಿತ್ರ ಬಿಡಿಸಿ ಅದರಲ್ಲಿನ ವಸ್ತುಗಳಿಗೆ ಹೆಸರು ಬರೆಯುತ್ತದೆ. ಮಗುವೇ ಆರಿಸಿಕೊಳ್ಳಲಿ ಅನ್ನುವ ಕಡೆ ಎರಡು ಕೆಲಸ ಮುಂದಿಡಿ, ಐದಾರು ಇಟ್ಟರೆ ಪಕ್ಕದವರು ಆರಿಸಿದ್ದನ್ನೇ ಆರಿಸುತ್ತಾರೆ. ಈ ಮೂರೂ ಕೆಲಸಗಳು ರೂಪಣಾತ್ಮಕ ಮೌಲ್ಯಮಾಪನದ (ಕಲಿಸುತ್ತಲೇ ಮಾಡುವ ಮೌಲ್ಯಮಾಪನ) ಚಟುವಟಿಕೆಯಾಗಿ ದಾಖಲಾಗುತ್ತವೆ, ಬೇರೆ ಪರೀಕ್ಷೆ ಕಟ್ಟಬೇಕಾಗಿಲ್ಲ.

ಮಗು ತೊಡಗಿದೆಯೋ ಇಲ್ಲವೋ ಅಂತ ತಿಳಿಯಲು ಎತ್ತಿದ ಕೈಗಳನ್ನು ನೋಡಬೇಡಿ. ಬಿಸಿಯೂಟದ ಗಂಟೆ ಹೊಡೆದಾಗ ಯಾರು ಸಾಲು ಮುಗಿಸಿ ಏಳುತ್ತಾರೆ, ಊಟ ಮುಗಿಸಿ ಬಂದು ಯಾರು ಕೇಳದೆಯೇ ಅದೇ ಕಾರ್ಡ್ ತೆಗೆಯುತ್ತಾರೆ ಅಂತ ನೋಡಿ.

ಮೊಬೈಲಿನ ಬಗ್ಗೆ ಎರಡೇ ಮಾತು. ಪಠ್ಯಪುಸ್ತಕದಲ್ಲಿರುವ, ಸರ್ಕಾರದ ಕಲಿಕಾ ಜಾಲತಾಣ ದೀಕ್ಷಾದ ಕ್ಯೂಆರ್ ಕೋಡ್‌ಗಳು ನೀವು ತಯಾರಾಗಲು ಒಳ್ಳೆಯವು. ಮಕ್ಕಳಿಗಾದರೆ ಧ್ವನಿಮುದ್ರಣವೇ ಹೆಚ್ಚು ಉಪಯೋಗ: ಮಗು ಓದಿದ್ದನ್ನು ಅದಕ್ಕೇ ಕೇಳಿಸಿ, ಎಲ್ಲಿ ತಡೆದೆ ಅಂತ ತಾನೇ ಹೇಳುತ್ತದೆ.

ಪೋಷಕರ ಸಭೆಯಲ್ಲಿ ಅಂಕಪಟ್ಟಿ ಓದಿ ಹೇಳುವ ಬದಲು ಮಗುವಿನ ಕೈಯಲ್ಲಿ ಅದರ ಹಾಳೆ ಕೊಟ್ಟು ಅವ್ವನ ಮುಂದೆ ಓದಿಸಿ. ಅಕ್ಷರ ಬಾರದ ಅವ್ವನಿಗೂ ಮಗಳು ಓದುತ್ತಿದ್ದಾಳೋ ಇಲ್ಲವೋ ಅಂತ ತಿಳಿಯುತ್ತದೆ. ಮುಂದಿನ ಹೆಜ್ಜೆ ಏನು ಅಂತ ಒಂದೇ ವಾಕ್ಯ ಹೇಳಿ, 'ಮನೆಯಲ್ಲಿ ಓದಿಸಿ' ಅನ್ನಬೇಡಿ. ದಿನಾ ರಾತ್ರಿ ಮಗು ಏನು ಓದಿತೋ ಅದನ್ನು ಕೇಳಿಸಿಕೊಳ್ಳಿ ಅನ್ನಿ, ಅದು ಎಲ್ಲರಿಂದಲೂ ಆಗುತ್ತದೆ.

ಏಪ್ರಿಲ್‌ನಲ್ಲಿ ಫಲಿತಾಂಶ ಕೊಟ್ಟ ಮೇಲೆ ಐದನೇ ತರಗತಿ ಮುಗಿಸಿದವರ ಪುಟಗಳನ್ನು ಬಿಡಿಸಿ ಆರನೇ ತರಗತಿಯ ಶಿಕ್ಷಕರಿಗೆ ಕೊಡಿ. ಮನೆಯ ಕಷ್ಟದ ಸಾಲುಗಳಲ್ಲಿ ಬೇರೆಯವರಿಗೆ ಹೇಳಬಾರದ್ದು ಇದ್ದರೆ ಅದನ್ನು ತೆಗೆದು, ಕೊನೆಯ ಹೆಜ್ಜೆಯ ಪಕ್ಕ ತಾರೀಖು ಹಾಕಿ ಕೊಡಿ. ನಾಲ್ಕನೆಯವರ ಪುಟ ನಿಮ್ಮ ಹತ್ತಿರವೇ ಇರುತ್ತದೆ. ಮೂರನೇ ತರಗತಿಯಿಂದ ಬರುವವರ ಪ್ರಗತಿ ನೋಟವನ್ನು ನಲಿ-ಕಲಿ ಶಿಕ್ಷಕರಿಂದ ರಜೆಗೆ ಮೊದಲೇ ಕೇಳಿ ಪಡೆದುಕೊಳ್ಳಿ. ಯಾರು ಯಾವ ಮೈಲಿಗಲ್ಲಿನಲ್ಲಿದ್ದಾರೆ ಅಂತ ಅದರಲ್ಲಿ ಇರುತ್ತದೆ. ಜೂನ್‌ನಲ್ಲಿ ಯಾರನ್ನು ಮೊದಲು ಕಟ್ಟೆಯ ಮೇಲೆ ಕೂರಿಸಿಕೊಂಡು ಓದಿಸಬೇಕೆಂದು ಅದನ್ನು ನೋಡಿಯೇ ತೀರ್ಮಾನಿಸಬಹುದು.